ಮಾವ ಬಗ್ಗಿಸಿದ ಕತ್ತಿ

ನಮ್ಮ ಸೋದರಮಾವ ಚೆನ್ನಬಸಪ್ಪನ ನಗುವಿಗೆ ಸದ್ದೇ ಇರಲಿಲ್ಲ. ಹೊಟ್ಟೆಯಷ್ಟೇ ಕುಲುಕುತ್ತಿತ್ತು. ಅದು ಕುಲುಕಿತೆಂದರೆ ಯಾರದೋ ಮಾನ ಹೋಯಿತೆಂದೇ ಲೆಕ್ಕ. ಆದೋನಿಯ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ. ಎಷ್ಟು ಚೆನ್ನಾಗಿ ಎಂದರೆ, ಅವನಿಂದ ಬೈಸಿಕೊಂಡವರೂ ಮರುದಿನ ಮುಂದಿನ ಬೆಂಚಿಗೇ ಬಂದು ಕೂರುತ್ತಿದ್ದರು. ಕತ್ತಿಗಳೆಂದರೆ ಅವನಿಗೆ ಹುಚ್ಚು. ಟಿ.ವಿ.ಯಲ್ಲಿ ಹಳೇ ಕಾಲದ ಅರಬನ ಕೈಗೆ ಡೊಂಕು ಕತ್ತಿ ಕೊಟ್ಟರೆ ಸಾಕು, "ಥೂ ಇವರ ಮಾರಿಗೆ! ಅರಬರ ಕತ್ತಿ ನೆಟ್ಟಗಿದ್ದವು. ಡೊಂಕು ತಂದಾವ್ರು ಕುದುರಿ ಮ್ಯಾಲಿನ ತುರ್ಕರು, ಎಷ್ಟೋ ನೂರು ವರ್ಷ ಆದಮ್ಯಾಲ" ಎಂದು ತಟ್ಟೆ ತಳ್ಳುತ್ತಿದ್ದ.

ಆಸ್ಪರಿ ಕಡೆಯ ಹಳ್ಳಿಯೊಂದರಲ್ಲಿ ದರ್ಗಾ ನೋಡಿಕೊಳ್ಳುವ ಮುದುಕ ಖಾಸಿಂಸಾಬ ಒಮ್ಮೆ ಅಲ್ಲಿಯ ಕತ್ತಿಯನ್ನು ಹಸಿರು ಬಟ್ಟೆಯಲ್ಲಿ ಸುತ್ತಿಕೊಂಡು ಬಂದ. ನೆಟ್ಟನೆಯ, ಎರಡೂ ಬದಿ ಹರಿತವಿದ್ದ ಹಳೇ ಕತ್ತಿ. ಅದರ ಮೇಲೆ ಸುರಿದ ನೀರನ್ನು ಜ್ವರ ಬಂದ ಮಕ್ಕಳಿಗೆ ಕುಡಿಸಲು ಎಲ್ಲ ಜಾತಿಯವರೂ ಬರುತ್ತಿದ್ದರು. ಪೇಟೆಯ ಹುಡುಗರು ಯಾರೋ, ಸಾಬರ ಕತ್ತಿ ಡೊಂಕಿರಬೇಕಲ್ಲ, ಇದು ಖೋಟಾ ಎಂದು ಆಡಿಕೊಂಡಿದ್ದರಂತೆ. ಪಾಪ, ಅವನಿಗೆ ನಿದ್ದೆ ಹತ್ತಿರಲಿಲ್ಲ. ಓದಿದವರ ಬಾಯಿಂದ ಒಂದು ಮಾತು ಕೇಳಿಹೋಗಲು ಬಂದಿದ್ದ.

ಮಾವ ತಿರುವಿ ಮುರುವಿ ನೋಡಿ, "ಖರೇ ಹೇಳ್ಯಾರ. ಡೊಂಕ ಇರಬೇಕು. ಕಮ್ಮಾರನ ಕಡೆ ಒಯ್ದು ಬಗ್ಗಿಸು" ಅಂದ. ಅವನು ಕೈಮುಗಿದು ಹೊರಟಮೇಲೆ ಅತ್ತೆ ಒಳಗಿಂದ ಓಡಿಬಂದು, ಕರೀರಿ ಅವನ್ನ, ಪಾಪ ಹತ್ತತೈತಿ ಅಂದಳು. ಮಾವನ ಹೊಟ್ಟೆ ಕುಲುಕುತ್ತಲೇ ಇತ್ತು.

ವಾರದೊಳಗೆ ಖಾಸಿಂಸಾಬ ಅದೇ ಬಟ್ಟೆಯಲ್ಲಿ ಎರಡು ತುಂಡು ತಂದ. ಕಾಯಿಸಿ ಬಡಿಯುವಾಗ ಹಳೇ ಉಕ್ಕು ಮುರಿದಿತ್ತು. ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನೆಟ್ಟನೆಯದೇ ಮೊದಲಿನ ಮಾದರಿ, ಈ ಸುತ್ತಮುತ್ತ ಅಂಥದು ಇದೊಂದೇ ಇತ್ತು ಎಂದು ಪಾಠ ಮಾಡಿದ.

"ನಿಮಗ ಮೊದಲ ಗೊತ್ತಿತ್ತೇನ್ರಿ ಸಾರ್?"

"ಗೊತ್ತಿಲ್ಲದ್ದು ನಾ ಯಾವಾಗ ಮಾತಾಡೀನಿ?"

ಖಾಸಿಂಸಾಬ ತುಂಡುಗಳನ್ನು ಸುತ್ತಿಕೊಂಡು ಎದ್ದುಹೋದ. ಮಕ್ಕಳನ್ನೆತ್ತಿಕೊಂಡು ದರ್ಗಾಕ್ಕೆ ಜನ ಬರುವುದೇ ನಿಂತುಹೋಯಿತು. ಅತ್ತೆ ಮಾವನಿಗೆ ಬಡಿಸುತ್ತಿದ್ದಳು, ಮಾತು ಮಾತ್ರ ಬಿಟ್ಟಳು.

ಮಾವ ಹಾಸಿಗೆ ಹಿಡಿದಾಗ, ಯಾಕೆ ಹಾಗೆ ಮಾಡಿದೆ ಎಂದು ನಾನೇ ಕೇಳಿದೆ. "ಜಲ್ಮ ಎಲ್ಲಾ ಪಾಠ ಹೇಳಿದೆ. ಎಲ್ಲಾರೂ ಪರೀಕ್ಷಾಕ್ಕ ಬರದು ಮರತ್ರು. ನಂಬಿದಾವ ಇವನೊಬ್ಬನ. ಎಲ್ಲಿತನಕ ನಂಬ್ತಾನ ನೋಡಬೇಕಿತ್ತು." ಪಶ್ಚಾತ್ತಾಪದ ಸುಳಿವೂ ಇರಲಿಲ್ಲ. ನನಗೆ ಹೇಸಿಗೆಯಾಯಿತು. ಆದರೂ ಆ ಪಾಪಿಯ ಮಗ್ಗುಲಿನಿಂದ ಏಳಲು ಮನಸ್ಸು ಬರಲಿಲ್ಲ.

ಮಾವನ ಮಣ್ಣಿಗೆ ಖಾಸಿಂಸಾಬನೂ ಬಂದಿದ್ದ. ಎಲ್ಲರಂತೆ ಹಿಡಿ ಮಣ್ಣು ಹಾಕಿದ. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ:

"ತಮ್ಮಾ, ಅದನ್ನ ಬೆಸಿಗಿ ಹಾಕ್ಸಿದ್ರ ನಡೀತೈತೇನು? ಸಾರ್ ಇದ್ದಿದ್ರ ಅವರನ್ನ ಕೇಳತಿದ್ದೆ."