ನನ್ನ ಮೈದುನ ಬಗ್ಗಿಸಿದ ಪೈಪು

ಇವತ್ತು ಬೆಳಗ್ಗೆ ಪ್ಲಂಬರ್ ಬಂದು ಹಿತ್ಲಲ್ಲಿ ಪೇಪರ್‌ಗೆ ಬೆಂಕಿ ಹಚ್ಚಿ ಪಿವಿಸಿ ಪೈಪ್ ಕಾಯಿಸ್ತಿದ್ದ. ಆ ಘಾಟು ಅಡುಗೆಮನೆಗೆ ನುಗ್ತು ನೋಡಿ... ಒಗ್ಗರಣೆ ಹಾಕ್ತಿದ್ದೋಳು ಸೌಟು ಹಿಡ್ಕೊಂಡು ಹಂಗೇ ನಿಂತ್ಬಿಟ್ಟೆ. ಸಾಸಿವೆ ಸೀದೋಯ್ತು.

ಆ ವಾಸ್ನೆ ನನ್ನ ಮೈದುಂದು. ನಮ್ ಯಜಮಾನ್ರ ಒಬ್ಬನೇ ತಮ್ಮ. ನಾನು ಮದುವೆಯಾಗಿ ಹೊಸಕೋಟೆ ಹತ್ರದ ಈ ಮನೆಗೆ ಕಾಲಿಟ್ಟಾಗ ಅವನಿನ್ನೂ ಚಡ್ಡಿ ಹಾಕ್ಕೊಂಡು ಸೈಕಲ್ ಬಿಚ್ಚಿ ಹರಡ್ಕೊಂಡು ಕೂತಿದ್ದ. ಊಟಕ್ಕೆ ಕರೆದ್ರೆ ಗ್ರೀಸ್ ಕೈಯಲ್ಲೇ ಬರೋನು. "ನಿನ್ ಕೈ ತಟ್ಟೆಗಿಟ್ರೆ ಸಾರೆಲ್ಲ ಕಪ್ಪಾಗ್ತದೆ ಕಣೋ" ಅಂತ ನಾನೇ ಮುದ್ದೆ ಮುರಿದು ಬಾಯಿಗಿಡ್ತಿದ್ದೆ.

ದೊಡ್ಡೋನಾದ್ಮೇಲೂ ಅಷ್ಟೇ. ತೋಟದ ಕಡೆ ಹೋಗೋ ಅಂದ್ರೆ ನಮ್ಮಾವನ ಕಾರಿನಡಿ ಮಲಗಿರೋನು. ಮಾವ ತೀರ್ಕೊಂಡ್ಮೇಲೆ ಆ ಕಾರು ಅಣ್ಣ ತಮ್ಮ ಇಬ್ರಿಗೂ ಸೇರಿದ್ದು. ಡೀಸೆಲ್ ಕಾರು. ಟರ್ಬೋ ಇತ್ತು, ಇಂಟರ್‌ಕೂಲರ್ ಇರ್ಲಿಲ್ಲ.

ಹಂಗಂದ್ರೇನೋ ಅಂದೆ. ಒಲೆ ಪಕ್ಕದಲ್ಲಿದ್ದ ನನ್ನ ಊದುಗೊಳವೆ ಎತ್ಕೊಂಡ. "ನೀನು ಇದ್ರಲ್ಲಿ ಊದ್ತೀಯಲ್ಲ ಅತ್ಗೆ, ಹಂಗೆ ಟರ್ಬೋ ಇಂಜಿನ್‌ಗೆ ಗಾಳಿ ಊದ್ತದೆ. ಒತ್ತಿ ಊದೋವಾಗ ಗಾಳಿ ಬಿಸಿಯಾಗ್ತದೆ. ಬಿಸಿ ಗಾಳೀಲಿ ಕಸುವಿರಲ್ಲ. ಅಣ್ಣನ ಕಾಫಿ ಲೋಟದಿಂದ ಲೋಟಕ್ಕೆ ಹುಯ್ದು ಆರಿಸ್ತೀಯಲ್ಲ, ಅದೇ ತರ ಆ ಗಾಳೀನ ಆರ್ಸೋಕೆ ರೇಡಿಯೇಟರ್ ತರದ್ದೊಂದು ಡಬ್ಬ. ಅದೇ ಇಂಟರ್‌ಕೂಲರ್."

"ಹಂಗಾರೆ ಮೊದ್ಲು ನಿಮ್ಮಣ್ಣನ ತಲೆಗೊಂದು ಹಾಕೋ" ಅಂದೆ. ಇಬ್ರೂ ಬಿದ್ದು ಬಿದ್ದು ನಕ್ವಿ.

ನಗೋ ವಿಷ್ಯ ಆಗಿರ್ಲಿಲ್ಲ ಅದು ಅವನಿಗೆ. ರೋಡ್ ಪಕ್ಕ ನಮ್ಮದೊಂದು ಖಾಲಿ ಜಾಗ ಇತ್ತು. ಅಲ್ಲಿ ಗ್ಯಾರೇಜ್ ಹಾಕ್ಬೇಕು ಅಂತ ಅವನ ಜೀವ. ಈ ಕಾರನ್ನ ಸರಿಯಾಗಿ ಮಾಡಿ ತೋರ್ಸುದ್ರೆ ಅಣ್ಣ ಒಪ್ತಾನೆ ಅಂತ ನಂಬಿದ್ದ. ನಾನೂ ನಂಬಿದ್ದೆ...

ಮೊದ್ಲು ಡಬ್ಬಾನ ಇಂಜಿನ್ ಮೇಲೇ ಕೂರ್ಸಾನ ಅಂದ. ಪೈಪು ಗಿಡ್ಡ ಸಾಕು, ಗಾಳಿ ಬೇಗ ಮುಟ್ತದೆ. ಆದ್ರೆ ಹೊರಗಿನ ತಂಪು ಗಾಳಿ ಅದ್ರ ಮೇಲೆ ಬೀಳ್ಬೇಕಂದ್ರೆ ಬಾನೆಟ್‌ನಲ್ಲಿ ತೂತು ಕೊರೀಬೇಕು. ಯಜಮಾನ್ರು ಎಗರಿಬಿದ್ರು. "ಅಪ್ಪನ ಕಾರು ಕಣೋ ಅದು! ತಲೆ ಮೇಲೆ ತೂತು ಕೊರೀತೀಯಾ? ಗೌಡ್ರ ಮನೆ ಹುಡ್ಗ ಕಾರಡಿ ಬಿದ್ದಿರ್ತಾನೆ ಅಂತ ಊರೋರು ಆಡ್ಕೊಳ್ಳೋದು ಸಾಲ್ದಾ?"

ಅವನು ಡಬ್ಬಕ್ಕೆ ಬೇರೆ ಜಾಗ ಹುಡುಕ್ದ. ಚಕ್ರದ ಪಕ್ಕ ಇಟ್ರೆ ಕೆಸರು ಹಾರ್ತದೆ. ಮುಂದ್ಗಡೆ ಮೇಲಕ್ಕಿಟ್ರೆ ಬಂಪರ್ ಹಿಂದಿನ ಕಬ್ಬಿಣದ ಪಟ್ಟಿ ಕುಯ್ಬೇಕು. ಕೊನೆಗೆ ಹಾರ್ನ್ ಒಂದು ಪಕ್ಕಕ್ಕೆ ಸರಿಸಿದ್ರೆ ಬಂಪರ್ ಸಂದೀಲಿ ಕೂರ್ತದೆ, ಏನೂ ಕುಯ್ಯಂಗಿಲ್ಲ ಅಂತ ಕಂಡ್ಕೊಂಡ. ರಟ್ಟಲ್ಲಿ ಡಬ್ಬ ಮಾಡ್ದ. ಬೋರ್‌ವೆಲ್ ಕೆಲ್ಸದಲ್ಲಿ ಉಳಿದಿದ್ದ ಪಿವಿಸಿ ಪೈಪ್ ತಂದು ಹಿತ್ಲಲ್ಲಿ ಬೆಂಕಿಗೆ ಹಿಡಿದು ಬಗ್ಸೋನು. ಒಂದು ತುದಿ ನನ್ನ ಕೈಲಿ. "ಮೆಲ್ಲಗೆ ಅತ್ಗೆ, ಮಡಿಸ್ಕೊಂಡ್ರೆ ಗಾಳಿ ಕಟ್ಕೊಳ್ತದೆ." ಸೈಲೆನ್ಸರ್ ಕಡೆ ಬಿಸಿ, ಅಲ್ಲಿಂದ ದೂರ ಹೋಗ್ಬೇಕು ಅಂತ ಬಿಚ್ಚಿ ಬಿಚ್ಚಿ ಕಟ್ಟೋನು. ಇದು ಬರೀ ಅಳತೆಗೆ, ಆಮೇಲೆ ಹಿಂಗೇ ಅಲ್ಯೂಮಿನಿಯಂದು ಮಾಡಿಸ್ತೀನಿ ಅಂದ. ಡಬ್ಬಕ್ಕೆ ಹೋಗೋ ಪೈಪ್ ಮೇಲೆ ಬಿಸಿ ಅಂತ ಬರೆದ, ಆಚೆ ಬರೋದ್ರ ಮೇಲೆ ತಣ್ಣಗೆ ಅಂತ.

ಬಾನೆಟ್ ಎತ್ತಿ ಅಣ್ಣನಿಗೆ ತೋರ್ಸ್ದ. ಯಜಮಾನ್ರು ಸುಮಾರು ಹೊತ್ತು ನೋಡುದ್ರು. "ಸರಿ, ಮಾಡು" ಅಂದ್ರು.

ಮಾರನೇ ದಿನ ಅವನು ಗುಜರಿ ಅಂಗಡೀಲಿ ಇಂಟರ್‌ಕೂಲರ್ ಹುಡುಕ್ಕೊಂಡು ಬರ್ತೀನಿ ಅಂತ ಬೆಂಗ್ಳೂರು ಬಸ್ಸು ಹತ್ತಿದ. ಅವನು ಅತ್ತ ಹೋದ, ಇತ್ತ ಶೋರೂಮಿನೋನು ಬಂದ. ಹಳೇ ಕಾರು ಕೊಟ್ಟು ಹೊಸದು ತಗೊಳ್ಳೋ ಮಾತು ಯಜಮಾನ್ರು ಯಾವಾಗ್ಲೋ ಮುಗ್ಸಿದ್ರಂತೆ. ನಂಗೂ ಹೇಳಿರ್ಲಿಲ್ಲ. ಶೋರೂಮಿನೋನು ಬಾನೆಟ್ ಎತ್ತಿ, "ಏನ್ ಸಾರ್, ಒಳಗೆ ಬಚ್ಚಲ ಪೈಪ್ ಇಟ್ಟಿದೀರ?" ಅಂದ. ಯಜಮಾನ್ರೂ ಜೊತೇಲಿ ನಕ್ರು. ಪೈಪು, ರಟ್ಟು ಎಲ್ಲ ಕಿತ್ತು ಗೇಟ್ ಪಕ್ಕ ಎಸೆದು ಕಾರು ತಗೊಂಡೋದ.

ಸಂಜೆ ಮೈದುನ ಗೋಣಿಚೀಲ ಹೆಗಲ ಮೇಲೆ ಹೊತ್ಕೊಂಡು ಬಂದ. ಮುಖ ಅರಳಿತ್ತು. "ಅತ್ಗೆ, ಸಿಕ್ತು! ಅಳತೆ ಸರಿಯಾಗೈತೆ" ಅಂದೋನು ಗೇಟ್ ಪಕ್ಕ ನೋಡ್ದ... ಚೀಲ ಕೆಳಗಿಳಿಸ್ಲೇ ಇಲ್ಲ.

"ಊಟಕ್ ಬಾರೋ" ಅಂದೆ.

"ಆಮೇಲ್ ಬರ್ತೀನಿ ಅತ್ಗೆ."

ಹಂಗೇ ಹೋದೋನು ಮನೆಗೆ ಬರ್ಲೇ ಇಲ್ಲ, ಜಡಿಗೇನಹಳ್ಳಿ ಕಡೆ ಶೀಟ್ ಹಾಕ್ಕೊಂಡು ಗ್ಯಾರೇಜ್ ಇಟ್ಕೊಂಡ. ಹೊಸಕೋಟೆ ಸಂತೇಲಿ ಸಿಕ್ಕಿದ್ರೆ ನನ್ನ ಚೀಲ ಬಸ್ ತನಕ ಹೊತ್ತು ತರೋನು. ಮನೆಗೆ ಕರೆದ್ರೆ ಅದೇ ಮಾತು, ಆಮೇಲ್ ಬರ್ತೀನಿ. ರೋಡ್ ಪಕ್ಕದ ಜಾಗ ಇವತ್ತಿಗೂ ಖಾಲಿ ಬಿದ್ದೈತೆ, ಪಾರ್ಥೇನಿಯಂ ಬೆಳ್ಕೊಂಡು.

ಹೊಸ ಕಾರಿನ ಬಾನೆಟ್ ಮೇಲೆ ಏನಿತ್ತು ಗೊತ್ತಾ? ತೂತು! ಕಂಪ್ನಿಯೋರೇ ಇಂಜಿನ್ ಮೇಲೆ ಇಂಟರ್‌ಕೂಲರ್ ಕೂರ್ಸಿ, ಗಾಳಿ ಹೋಗೋಕೆ ಬಾಯಿ ಬಿಟ್ಟಿದ್ರು. ಬಂದೋರಿಗೆಲ್ಲ ಯಜಮಾನ್ರು ಬೆರಳಿಟ್ಟು ತೋರ್ಸೋರು. ಶೋರೂಮಿಂದ ಬಂದ ತೂತು ಮರ್ಯಾದೆ, ತಮ್ಮ ಕೊರೆದ್ರೆ ಅವಮಾನ. ಬಿದ್ದಿದ್ದ ಪೈಪಲ್ಲಿ ಉದ್ದದ್ದೊಂದನ್ನ ಸುಮ್ನೆ ಯಾಕೆ ಬಿಸಾಕೋದು ಅಂತ, ಪಾತ್ರೆ ತೊಳ್ದ ನೀರು ಕರಿಬೇವಿನ ಗಿಡಕ್ಕೆ ಹೋಗ್ಲಿ ಅಂತ ಅವರೇ ಹಾಕ್ಸಿದ್ರು.

ಆಮೇಲೆ ಒಂದಿನ ಎದೆನೋವು ಅಂತ ಆಸ್ಪತ್ರೆಗೆ ಹೋದ ಮೈದುನ ವಾಪಸ್ ಬರ್ಲಿಲ್ಲ. ಅದೇ ತೂತಿನ ಕಾರಲ್ಲಿ ಮಣ್ಣಿಗೆ ಹೋದ್ವಿ. "ಕಾರಿನ ವಿಷ್ಯದಲ್ಲಿ ನನ್ ತಮ್ಮನ್ ತರ ಇನ್ನೊಬ್ಬ ಇಲ್ಲ" ಅಂತ ಯಜಮಾನ್ರು ಎಲ್ಲರ ಮುಂದೆ ಎದೆ ಬಡ್ಕೊಂಡ್ರು. ನಂಗೆ ನಗು ಬಂದ್ಬಿಡ್ತು. ಸೆರಗು ಬಾಯಿಗೆ ತುರುಕ್ಕೊಂಡೆ. ಅತ್ಗೆ ಎಷ್ಟು ಅಳ್ತಾವ್ಳೆ ಪಾಪ ಅಂದ್ರು ಜನ.

ಇವತ್ತು ಪ್ಲಂಬರ್ ಆ ಹಳೇ ಪೈಪ್ ಕಿತ್ತಾಗ ಬಗ್ಗಿಸಿದ್ದ ಕಡೇನೇ ಸೀಳಿಬಿಡ್ತು. "ಅಜ್ಜಿ, ಬಿಸಾಕ್ಲಾ?" ಅಂದ. ಜಗಲೀಲಿ ಕೂತಿದ್ದ ಯಜಮಾನ್ರು "ಬಿಸಾಕಪ್ಪ, ಹಳೇ ಬಚ್ಚಲ ಪೈಪು" ಅಂದ್ರು. ನಾನು ಒಳಗೋಗಿ ಅವರ ಕಾಫೀನ ಆರಿಸ್ದೆ ಹಂಗೇ ಕೊಟ್ಟೆ. ನಾಲಿಗೆ ಸುಟ್ಕೊಂಡು ಇನ್ನೂ ಬೈತಾವ್ರೆ. ಬೈಲಿ. ಮೊಮ್ಮಗಳು ನಂಗೆ ಈ ಫೋನಲ್ಲಿ ಕನ್ನಡ ಒತ್ತೋದು ಕಲ್ಸವ್ಳೆ, ಅವರಿಗೆ ಇದ್ರಲ್ಲಿ ಓದೋಕ್ ಬರಲ್ಲ.

ಪ್ಲಂಬರ್ ಬಿಸಾಕಿದ್ದ ಪೈಪ್ ಎತ್ಕೊಂಡ್ಬಂದೆ, ನನ್ನ ಪಕ್ಕದಲ್ಲೇ ಐತೆ. ಸೋಪ್ ಹಾಕಿ ತೊಳ್ದೆ. ತಣ್ಣಗೆ ಅನ್ನೋದ್ರಲ್ಲಿ ತ ಒಂದು ಉಳ್ದೈತೆ. ಅವನು ಅಷ್ಟು ಜೋಪಾನವಾಗಿ ಗಾಳಿಗೆ ಅಂತ ಬಗ್ಸಿದ್ದು... ಒಂದು ದಿನಾನೂ ಗಾಳಿ ಕಾಣ್ಲಿಲ್ಲ, ಇಷ್ಟು ವರ್ಷ ಎಂಜಲ ನೀರು ಹೊತ್ತಿತು.

ಯಾರೂ ಇಲ್ದಾಗ ಒಂದು ತುದಿ ಬಾಯಿಗಿಟ್ಕೊಂಡು, ಇನ್ನೊಂದಕ್ಕೆ ಅಂಗೈ ಕೊಟ್ಟು ಜೋರಾಗಿ ಊದ್ದೆ. ಅಂಗೈಗೆ ಏನೂ ಬರ್ಲಿಲ್ಲ. ಸೀಳಿತ್ತಲ್ಲ, ಗಾಳಿ ಅರ್ಧದಾರೀಲೇ ಹೋಗ್ಬಿಡ್ತು.