ಹಳದಿ ಸಾವಿನಮನೆಯಲ್ಲಿ ಹಾಡಿದ ತೀರ್ಥಮ್ಮ

ಪಂಚನಹಳ್ಳಿಯ ತೀರ್ಥಮ್ಮ ಹಾಡಿಕೊಂಡು ಅತ್ತರೆ, ಸತ್ತವನ ಮೇಲೆ ಹಗೆಯಿದ್ದವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಸುತ್ತಲ ಊರುಗಳಲ್ಲಿ ಯಾರು ತೀರಿಕೊಂಡರೂ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಬಳಿದು, ಆಮೇಲೆ ಕೇಳುತ್ತಿದ್ದ ಮೊದಲ ಮಾತು, "ತೀರ್ಥಮ್ಮ ಬಂದ್ಲಾ?" ಹಾಡಿನ ಕೊನೆಗೆ ಅವಳು "ಕೊಟ್ಟಿಗೇಲಿ ಎಮ್ಮೆ ಕೂಗ್ತೈತೆ, ಕಣ್ ಬಿಟ್ಟು ನೋಡು ನನ್ ದೊರೆಯೇ" ಎಂದಳೆಂದರೆ ಕಲ್ಲೂ ಕರಗಬೇಕು.

ಎಪ್ಪತ್ತೆಂಟನೇ ಇಸವಿಯಲ್ಲಿ ಒಬ್ಬ ಸಿನಿಮಾ ನಿರ್ದೇಶಕ ಬಂದು ಊರಿನ ಒಂದು ಮನೆಗೆ ಗೋಡೆ, ಬಾಗಿಲು, ಒರಳುಕಲ್ಲಿನ ಸಮೇತ ಹಳದಿ ಬಳಿಸಿದ. ತಮಾಷೆ ಸಿನಿಮಾವಂತೆ. ಆ ಪುಣ್ಯಾತ್ಮನಿಗೆ ಎಡಕ್ಕೆ ಎಷ್ಟು ಜನವೋ ಬಲಕ್ಕೂ ಅಷ್ಟೇ ಇರಬೇಕು, ಒಬ್ಬರ ಮುಖವೂ ಅಲ್ಲಾಡಬಾರದು. ಹಳದಿ ಸೀರೆಯ ಹೆಂಗಸರು ಬೊಂಬೆಗಳ ಹಾಗೆ ಸಾಲಾಗಿ ನಿಂತರು. ನಡುವೆ ಹೆಣದ ವೇಷದಲ್ಲಿ ಒಬ್ಬ ನಟ ಕೂತ. ನಿರ್ದೇಶಕ ಅವನೆದುರು ತೀರ್ಥಮ್ಮನನ್ನು ಕೂರಿಸಿ, "ನೀವು ಮಾತ್ರ ನಿಮ್ಮೂರಲ್ಲಿ ಅಳೋ ಹಾಗೇ ಅಳಿ" ಎಂದ. ಹೆಣ ಸುಳ್ಳಾದರೂ ಅಳು ಸುಳ್ಳಾಗಬಾರದೆಂದು ಅವಳು ತವರಿನಲ್ಲಿ ಸತ್ತವರನ್ನೆಲ್ಲ ನೆನೆದು, ಗಂಟಲು ಕಟ್ಟುವವರೆಗೆ ಹಾಡಿದಳು. ಹಣೆ ನೆಲಕ್ಕೆ ಹಚ್ಚಿದ್ದವಳಿಗೆ, ಹಾಡಿನಲ್ಲಿ ಎಮ್ಮೆಯ ಸಾಲು ಬಂದಾಗ ಹೆಣ ಒಂದು ಕಣ್ಣು ತೆರೆದು ಹುಬ್ಬು ಹಾರಿಸಿದ್ದು ಕಾಣಲೇ ಇಲ್ಲ.

ಕಂಡದ್ದು ಮಾರನೇ ವರ್ಷ, ಕಡೂರಿನ ಟಾಕೀಸಿನಲ್ಲಿ. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಪಕ್ಕದಲ್ಲೇ ಕೂತಿದ್ದ ಗಂಡ ರೇವಣಪ್ಪ.

ಅಲ್ಲಿಂದ ಅವಳ ಹಾಡಿಗೆ ಗ್ರಹಣ ಹಿಡಿಯಿತು. ಯಾವ ಸಾವಿನ ಮನೆಯಲ್ಲಾದರೂ ಎಮ್ಮೆಯ ಸಾಲು ಬಂತೆಂದರೆ ಜನ ಹೆಣದ ಕಣ್ಣನ್ನೇ ನೋಡುತ್ತಿದ್ದರು. ಚೌಳಹಿರಿಯೂರಿನಲ್ಲಂತೂ ಸತ್ತವನ ಸ್ವಂತ ಮಗಳೇ ಬಾಯಿಗೆ ಸೆರಗು ತುರುಕಿಕೊಂಡು ಹೊರಗೆ ಓಡಿದಳು. ಆಮೇಲೆ ಯಾರೂ ಕರೆಯಲಿಲ್ಲ. ತೀರ್ಥಮ್ಮನಿಗೆ ಸಿಟ್ಟು ಮಾಡುವಷ್ಟು ಕಸುವೂ ಉಳಿದಿರಲಿಲ್ಲ; ಸಾಕಾಗಿತ್ತು, ಅಷ್ಟೆ. ದನಕ್ಕೆ ಹುಲ್ಲು ಹಾಕುವಾಗಲೂ ಗುನುಗುವುದನ್ನು ಬಿಟ್ಟಳು.

ಎಂಬತ್ತಾರರಲ್ಲಿ ರೇವಣಪ್ಪ ಉಬ್ಬಸ ಹೆಚ್ಚಾಗಿ ಹಾಸಿಗೆ ಹಿಡಿದ.

"ಲೇ, ನಾನು ಹೋದಾಗ ನೀನೇ ಹಾಡ್ಬೇಕು ಕಣೇ," ಎಂದ.

"ನಗ್ತಾರೆ ಕಣ್ರೀ. ನಿಮ್ ಸಾವ್ನಲ್ಲೂ ಆ ನಗು ಕೇಳಿಸ್ಕಬೇಕಾ ನಾನು?"

"ನಗ್ಲಿ ಬಿಡು. ಎಮ್ಮೆ ಸಾಲು ಬಂದಾಗ ನಾನೂ ಒಂದ್ ಕಣ್ ಬಿಡ್ತೀನಿ."

ನಗಲು ಹೋದವನಿಗೆ ಕೆಮ್ಮು ಬಂತು. ಅವಳು ಬೆನ್ನು ನೀವುತ್ತ ಕೂತಳು.

ಶ್ರಾವಣ ಬರುವ ಮೊದಲೇ ಅವನು ಹೋದ. ಗೋಡೆಗೆ ಒರಗಿಸಿ ಹಾರ ಹಾಕಿದರು. ತೀರ್ಥಮ್ಮ ಎದುರು ಕೂತು ಬಾಯಿ ತೆರೆದಾಗ ಪಕ್ಕದ ಮನೆ ಈರಕ್ಕ ಕಿವಿಯಲ್ಲಿ, "ಆ ಸಾಲೊಂದ್ ಬ್ಯಾಡ ಕಣಕ್ಕ" ಎಂದಳು.

ಅವಳು ಹಾಡಿದಳು. ಈ ಸಲ ಹಣೆ ನೆಲಕ್ಕೆ ಹಚ್ಚಲಿಲ್ಲ. ಗಂಡನ ಮುಖವನ್ನೇ ನೋಡುತ್ತ ಎಮ್ಮೆಯ ಸಾಲು ಹಾಡಿ, ನಿಲ್ಲಿಸಿ, ಕಾದಳು. ಹಿಂದೆ ಯಾರೋ ಕಿಸಕ್ಕೆಂದರು. ಅವಳು ತಿರುಗಲಿಲ್ಲ. ಅದೇ ಸಾಲನ್ನು ಇನ್ನೊಮ್ಮೆ ಹಾಡಿ ಮತ್ತೆ ಕಾದಳು.

"ಕಣ್ ಬಿಡ್ತೀನಿ ಅಂದಿದ್ರಲ್ಲಾ," ಎಂದಳು.

ಆಮೇಲೆ ಅಲ್ಲಿ ಯಾರೂ ನಗಲಿಲ್ಲ.