ವಾಸಪ್ಪನವರು ಫೋಟೋ ಕಲಿತದ್ದು

ಸಾಗರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿಯಿದೆ. ಬರುವವರಲ್ಲಿ ಅರ್ಧ ಜನ ಪಹಣಿಯ ನಕಲು ಮಾಡಿಸಲು ಬರುತ್ತಾರೆ, ಉಳಿದರ್ಧ ಸಲಹೆ ಕೇಳಲು. ಝೆರಾಕ್ಸ್ ಯಂತ್ರ ವಾರಕ್ಕೊಮ್ಮೆ ಕೆಡುತ್ತದೆ. ಸಲಹೆ ಕೊಡುವ ನನ್ನ ಬಾಯಿ ಮಾತ್ರ ಇಪ್ಪತ್ತೆರಡು ವರ್ಷದಿಂದ ಒಂದು ದಿನವೂ ಕೆಟ್ಟದ್ದಿಲ್ಲ. ಕೆಟ್ಟಿದ್ದರೆ ಒಳ್ಳೆಯದಿತ್ತು ಅಂತ ನನಗೆ ಅನ್ನಿಸಿದ್ದು ವಾಸಪ್ಪನವರ ವಿಷಯದಲ್ಲಿ.

ವಾಸಪ್ಪನವರು ನಿವೃತ್ತ ಲೈನ್‌ಮನ್. ಹೊಸನಗರದ ರಸ್ತೆಯಲ್ಲಿ, ಪೇಟೆಯಿಂದ ಹನ್ನೊಂದು ಕಿಲೋಮೀಟರ್ ದೂರದಲ್ಲಿ ಅವರ ಊರು. ಮೂವತ್ತಮೂರು ವರ್ಷ ಕಂಬ ಹತ್ತಿ ಇಳಿದರೂ ಒಂದು ಸಲ ಕೂಡ ಶಾಕ್ ಹೊಡೆಸಿಕೊಳ್ಳಲಿಲ್ಲ. ಜೊತೆಗಿದ್ದ ಇಬ್ಬರು ಹೊಡೆಸಿಕೊಂಡರು, ಅವರಲ್ಲೊಬ್ಬರು ಉಳಿಯಲಿಲ್ಲ. ವಾಸಪ್ಪನವರು ಉಳಿದದ್ದಕ್ಕೆ ಕಾರಣ ಲೈನ್ ಕ್ಲಿಯರ್. ಅಂದರೆ, ಕರೆಂಟ್ ತೆಗೆದಿದ್ದೇವೆ ಎಂಬ ಮಾತು ಸ್ಟೇಷನ್ನಿನಿಂದ ಕಿವಿಗೆ ಬೀಳುವವರೆಗೆ ಅವರು ಕಂಬದ ಬುಡ ಬಿಟ್ಟು ಮೇಲಕ್ಕೆ ಕಾಲಿಡುತ್ತಿರಲಿಲ್ಲ. ಮದುವೆಮನೆ ಕತ್ತಲಲ್ಲಿರಲಿ, ಊರವರು ಸುತ್ತ ನಿಂತು ಬೈಯಲಿ, ಅವರು ಬುಡದಲ್ಲೇ. ಮಾತು ಬಂದ ಮೇಲೂ ಇನ್ನೊಂದು ಸಲ ಫೋನ್ ಮಾಡಿ ಕೇಳುತ್ತಿದ್ದರು. ಈ ಅಭ್ಯಾಸ ಕೆಲಸ ಮುಗಿಸಿ ಅವರ ಜೊತೆ ಮನೆಗೂ ಬಂತು. ಮಗ ಸುನಿಲನಿಗೆ ಹೆಣ್ಣು ನೋಡಿ ಎಲ್ಲರೂ ಒಪ್ಪಿದ ಮೇಲೂ ಎಂಟು ತಿಂಗಳು ಇವರು ಕಂಬದ ಬುಡದಲ್ಲೇ ನಿಂತಿದ್ದರು ಅಂತ ಹೆಂಡತಿ ಹಾಲಮ್ಮ ನಗಾಡುತ್ತಿದ್ದರು.

ಹಾಲಮ್ಮ ಇದಕ್ಕೆ ಪೂರ್ತಿ ತದ್ವಿರುದ್ಧ. ಅವರು ಚಿತ್ತಾರ ಬರೆಯುವವರು. ನಮ್ಮ ಕಡೆಯ ದೀವರ ಜನಾಂಗದ ಮನೆಗಳಲ್ಲಿ, ನವರಾತ್ರಿ ಕಳೆದು ಬರುವ ಭೂಮಿ ಹುಣ್ಣಿಮೆಗೆ ಒಂದು ಬಿದಿರಿನ ಬುಟ್ಟಿ ಸಿದ್ಧವಾಗುತ್ತದೆ. ಬುಟ್ಟಿಗೆ ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ, ಒಣಗಿದ ಮೇಲೆ ಅರೆದ ಅಕ್ಕಿಯ ಬಿಳಿಯಲ್ಲಿ, ಪುಂಡಿ ನಾರಿನ ಕಡ್ಡಿಯಿಂದ ಗೆರೆ ಎಳೆಯುತ್ತಾರೆ. ಹುಣ್ಣಿಮೆಯ ಬೆಳಗ್ಗೆ ಆ ಬುಟ್ಟಿಯಲ್ಲಿ ಅಡುಗೆ ತುಂಬಿ, ತೆನೆ ಹೊತ್ತ ಗದ್ದೆಗೆ ಬಸುರಿಗೆ ಬಡಿಸುವ ಹಾಗೆ ಬಡಿಸಿ ಬರುತ್ತಾರೆ. ಆಮೇಲೆ ಬುಟ್ಟಿ ಅಟ್ಟ ಸೇರುತ್ತದೆ. ಮರುವರ್ಷ ನವರಾತ್ರಿ ಹೊತ್ತಿಗೆ ಅದೇ ಬುಟ್ಟಿ ಇಳಿಸಿ ಹೊಸ ಮಣ್ಣು ಹಚ್ಚುತ್ತಾರೆ. ಹೋದ ವರ್ಷದ ಚಿತ್ತಾರ ಹೋದ ವರ್ಷಕ್ಕೆ ಮುಗಿಯಿತು. ಹಾಲಮ್ಮ ಅಳತೆ ಹಿಡಿಯುತ್ತಿರಲಿಲ್ಲ, ಮೊದಲು ಗುರುತು ಹಾಕಿಕೊಳ್ಳುತ್ತಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವಷ್ಟರಲ್ಲಿ ಒಂದು ಸುತ್ತು ಮುಗಿಸುತ್ತಿದ್ದರಂತೆ.

ಎರಡು ವರ್ಷದ ಹಿಂದಿನ ಜನವರಿಯಲ್ಲಿ ಹಾಲಮ್ಮನಿಗೆ ಸ್ಟ್ರೋಕ್ ಆಯಿತು. ಮಾತು ಅರ್ಧ ಉಳಿಯಿತು. ಬಲಗೈ ಉಳಿಯಲಿಲ್ಲ.

ಫೆಬ್ರವರಿಯಲ್ಲಿ ವಾಸಪ್ಪನವರು ಏನೋ ಹುಡುಕಲು ಅಟ್ಟ ಹತ್ತಿದರು. ಮೂಲೆಯಲ್ಲಿ ಬುಟ್ಟಿ ಕಂಡಿತು. ನಾಲ್ಕು ತಿಂಗಳ ಹಿಂದೆ ಹಾಲಮ್ಮ ಬರೆದದ್ದು. ಇನ್ನು ಅವರು ಬರೆಯುವುದಿಲ್ಲ, ಇದೇ ಕೊನೆಯದು, ಬರುವ ನವರಾತ್ರಿಗೆ ಇದೂ ಮಣ್ಣಿನಡಿ ಹೋಗುತ್ತದೆ ಎಂಬುದು ಅಟ್ಟದ ಏಣಿಯ ಮೇಲೆ ನಿಂತಾಗ ಅವರಿಗೆ ಹೊಳೆಯಿತಂತೆ. ಅಲ್ಲೇ ಜೇಬಿನಿಂದ ಫೋನ್ ತೆಗೆದು ಏಳು ಫೋಟೋ ಹೊಡೆದರು. ಏಳೂ ಮಸುಕು.

ಇಲ್ಲಿಂದ ಅವರ ವಿದ್ಯಾಭ್ಯಾಸ ಶುರುವಾಯಿತು. ಫೋಟೋ ತೆಗೆಯುವುದನ್ನು ಫೋನಿನಲ್ಲೇ ಕಲಿಸುವ ಒಂದು ಕೋರ್ಸಿಗೆ ಅವರಾಗಿಯೇ ಸೇರಿದರು. ಮನೆಯಲ್ಲಿ ನೆಟ್‌ವರ್ಕ್ ಸಿಗದು. ಊರಿನ ಟ್ರಾನ್ಸ್‌ಫಾರ್ಮರ್ ಪಕ್ಕದ ದಿಬ್ಬದಲ್ಲಿ ಎರಡು ಕಡ್ಡಿ ಸಿಗುತ್ತದೆ. ದಿನಾ ಬೆಳಗ್ಗೆ ಅಲ್ಲಿ ಕೂತು ಪಾಠ ಕೇಳುತ್ತಿದ್ದ ಇವರನ್ನು ಕಂಡು, ನಿವೃತ್ತಿಯಾದರೂ ಇಲಾಖೆಯವರು ಬಿಡಲಿಲ್ಲವಾ ಅಂತ ಜನ ಕೇಳುತ್ತಿದ್ದರಂತೆ. ಬೆಂಗಳೂರಿನ ಹುಡುಗನೊಬ್ಬ ಬಹಳ ವೇಗವಾಗಿ ಕಲಿಸುತ್ತಿದ್ದ. ಎರಡನೇ ಪಾಠದಲ್ಲಿ ಅವನು, ಕೆಟ್ಟ ಫೋಟೋಗಳನ್ನು ಇಟ್ಟುಕೊಳ್ಳಬೇಡಿ, ಕಣ್ಣು ಅದಕ್ಕೇ ಒಗ್ಗಿಹೋಗುತ್ತದೆ, ಅಳಿಸಿ, ಫೋನಿನೊಳಗಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿ ಅಂದ. ವಾಸಪ್ಪನವರು ಮೂವತ್ತಮೂರು ವರ್ಷ ಮೇಲಿನವರ ಮಾತು ಕೇಳಿದವರು. ಏಳನ್ನೂ ಅಳಿಸಿದರು. ನಾಲ್ಕನೇ ಪಾಠಕ್ಕೆ ವಿಡಿಯೋ ಸುತ್ತಲು ಶುರುವಾಗಿ ನಿಂತೇ ಹೋಯಿತು.

ಅವರು ನನ್ನ ಅಂಗಡಿಗೆ ಬಂದದ್ದು ಆಗ.

"ಮಾರಾಯ್ರೆ, ನಂಗೊಂದು ಹೇಳಿ. ಫೋನಲ್ಲಿ ಕಲಿಯೋದಾ, ಎದುರಿಗೆ ಕೂತು ಕಲಿಯೋದಾ?"

ಈ ಪ್ರಶ್ನೆಗೆ ಇಡೀ ತಾಲ್ಲೂಕಿನಲ್ಲಿ ನನಗಿಂತ ಯೋಗ್ಯ ಮನುಷ್ಯ ಇಲ್ಲ ಅಂತ ನನಗೆ ಖಾತ್ರಿಯಿತ್ತು. ನಾನೂ ಒಂದು ಕ್ಯಾಮೆರಾ ಕೊಂಡವನು, ಮೂರು ಆನ್‌ಲೈನ್ ಕೋರ್ಸಿಗೆ ಸೇರಿ ಮೂರರಲ್ಲೂ ನಿದ್ದೆ ಹೋದವನು. ನಾನು ತೆಗೆದ ಫೋಟೋಗಳಲ್ಲಿ ನನ್ನ ಹೆಂಡತಿಗೆ ಇದುವರೆಗೆ ಹಣೆ ಸಿಕ್ಕಿಲ್ಲ. ಹಾಳಾದ ಝೆರಾಕ್ಸ್ ಹಾಳೆಯ ಹಿಂದೆ ಗೀಟು ಹಾಕಿ ಎರಡು ಕಡೆ ಬರೆದು ತೋರಿಸಿದೆ. ಫೋನಿನಲ್ಲಾದರೆ ಒಂದೇ ಪಾಠವನ್ನು ನೂರು ಸಲ ನೋಡಬಹುದು, ಮನೆ ಬಿಟ್ಟು ಹೋಗಬೇಕಿಲ್ಲ, ನಮ್ಮ ಪ್ರಶ್ನೆ ದಡ್ಡ ಪ್ರಶ್ನೆ ಅಂತ ಯಾರೂ ನಗುವುದಿಲ್ಲ. ಎದುರಿಗೆ ಕೂತರೆ ಕೈ ಎಲ್ಲಿ ತಪ್ಪುತ್ತಿದೆ ಅಂತ ಕಲಿಸುವವನಿಗೆ ಕಾಣುತ್ತದೆ. ಹೀಗೆ ಹಾಳೆ ತುಂಬಿಸಲು ನಾನು ತೆಗೆದುಕೊಂಡ ಹೊತ್ತು ಮುಕ್ಕಾಲು ಗಂಟೆ. ಅದನ್ನು ಮಡಚಿ ಜೇಬಿಗಿಟ್ಟುಕೊಂಡು ವಿಚಾರ ಮಾಡಲು ವಾಸಪ್ಪನವರು ತೆಗೆದುಕೊಂಡದ್ದು ನಾಲ್ಕು ತಿಂಗಳು. ಹದಿನೈದು ದಿನಕ್ಕೊಮ್ಮೆ ಬಂದು ಹೊಸದೊಂದು ಅನುಮಾನ ಕೇಳುತ್ತಿದ್ದರು. ನಾನು ಹಾಳೆಗೆ ಇನ್ನೊಂದು ಸಾಲು ಸೇರಿಸಿ ಕಳಿಸುತ್ತಿದ್ದೆ.

ಫೋಟೋಗ್ರಾಫರ್ ತೀರ್ಥೇಶನ ಸ್ಟುಡಿಯೋ ನನ್ನ ಅಂಗಡಿಯಿಂದ ಮೂವತ್ತು ಹೆಜ್ಜೆ. ಬುಟ್ಟಿಯನ್ನು ಒಂದು ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ತಂದಿದ್ದರೆ ಹತ್ತು ನಿಮಿಷದ ಕೆಲಸ. ಇದನ್ನು ನಾನು ಒಂದು ಸಲ ಹೇಳಿದ್ದೂ ಉಂಟು, ತೀರಾ ತಡವಾಗಿ, ಜೂನ್‌ನಲ್ಲಿ. ಅದಕ್ಕೆ ಅವರು, "ಬ್ಯಾರೆಯವ್ರು ತೆಗೆದ್ರೆ ಅದು ಬುಟ್ಟಿ ಫೋಟೋ ಆಗ್ತದೆ ಅಷ್ಟೆ" ಅಂದರು. ಹೊರಡಲು ಎದ್ದು ನಿಂತು, "ಮೂವತ್ತೆಂಟು ವರ್ಷ ಗದ್ದೆಗೆ ಹೊತ್ತೋನು ನಾನು. ತಲೆ ಮೇಲಿದ್ದದ್ದು ಕಣ್ಣಿಗೆ ಕಾಣ್ತದಾ? ಒಂದ್ಸಲನೂ ಸರಿಯಾಗಿ ನೋಡ್ಲಿಲ್ಲ. ಈಗಾರೂ ನೋಡಿ ತೆಗೀಬೇಕು" ಅಂದರು.

ಮನೆಯಲ್ಲಿ ಈ ಬಗ್ಗೆ ಅವರು ಯಾರಿಗೂ ಹೇಳಿರಲಿಲ್ಲ. ಹೇಳಿದರೆ, ಇದು ನಿನ್ನ ಕೊನೆಯ ಚಿತ್ತಾರ ಅಂತ ಹಾಲಮ್ಮನಿಗೆ ಹೇಳಿದ ಹಾಗಲ್ಲವೇ? ಮಗ, ಸೊಸೆ ಎಲ್ಲ ಅಪ್ಪನಿಗೆ ವಯಸ್ಸಾದ ಮೇಲೆ ಹೊಸ ಹುಚ್ಚು ಹಿಡಿದಿದೆ, ಹಿಡಿದುಕೊಳ್ಳಲಿ ಅಂತ ಸುಮ್ಮನಿದ್ದರು.

ಕೊನೆಗೆ ಆಗಸ್ಟಿನಲ್ಲಿ ವಾಸಪ್ಪನವರು ಎದುರಿಗೆ ಕೂತು ಕಲಿಯುವುದೆಂದು ತೀರ್ಮಾನಿಸಿದರು. ಟೈಲರ್ ಅಂಗಡಿಯ ಮಾಳಿಗೆಯಲ್ಲಿ ತೀರ್ಥೇಶ ಎಂಟು ಭಾನುವಾರದ ತರಗತಿ ನಡೆಸುತ್ತಿದ್ದ. ಎಂಟನೆಯದು ಮುಗಿದು ನವರಾತ್ರಿಗೆ ಇನ್ನೂ ಒಂಬತ್ತು ದಿನ ಉಳಿಯುತ್ತದೆ ಅಂತ ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಿದ್ದೂ ನಾನೇ. ನನ್ನ ಕ್ಯಾಮೆರಾದ ಧೂಳು ಒರೆಸಿ ಕೊಟ್ಟೆ. ಇಬ್ಬರು ಮೇಷ್ಟರು, ಒಬ್ಬ ಹಲ್ಲಿನ ಡಾಕ್ಟರು, ನಾಲ್ವರು ಕಾಲೇಜು ಹುಡುಗಿಯರು, ಇವರ ನಡುವೆ ವಾಸಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲಿ. ಮೂರನೇ ವಾರಕ್ಕೇ ತೀರ್ಥೇಶ ನನ್ನ ಅಂಗಡಿಗೆ ಬಂದು, ಈ ಯಜಮಾನರ ಕೈ ಕಲ್ಲಿನ ಹಾಗೆ ನಿಲ್ಲುತ್ತದೆ, ಇಂಥವರು ನನಗೆ ಸಿಕ್ಕಿರಲಿಲ್ಲ ಅಂದ. ಹಿತ್ತಾಳೆ ಚೊಂಬು, ಬಾಳೆಹಣ್ಣಿನ ಚಿಪ್ಪು, ಟೈಲರ್ ಅಂಗಡಿಯ ದಾರದ ಉಂಡೆ, ವಾಸಪ್ಪನವರು ತೆಗೆದದ್ದೆಲ್ಲ ಮುಟ್ಟಿದರೆ ಕೈಗೆ ಸಿಗುವ ಹಾಗಿದ್ದವು. ಬುಟ್ಟಿ ಆಯಿತಾ ಅಂತ ನಾನು ಕೇಳಿದರೆ, ಹತ್ತಿರದಿಂದ ತೆಗೆಯುವುದನ್ನು ಎಂಟನೇ ಪಾಠದಲ್ಲಿ ಹೇಳಿಕೊಡುತ್ತಾರಂತೆ, ಅದಾದ ಮೇಲೆ ಅನ್ನುತ್ತಿದ್ದರು. ಶಿಸ್ತು ಅಂದರೆ ಇದು ಅಂತ ನಾನು ಮನೆಯಲ್ಲಿ ಮಕ್ಕಳಿಗೆ ಭಾಷಣ ಮಾಡಿದೆ.

ಆರನೇ ಭಾನುವಾರ ತರಗತಿಯವರೆಲ್ಲ ತೀರ್ಥಹಳ್ಳಿ ದಾಟಿ ಕುಪ್ಪಳ್ಳಿಗೆ ಹೊರಟರು. ವ್ಯಾನಿನಲ್ಲಿ ಒಂದು ಸೀಟು ಖಾಲಿ ಇತ್ತೆಂದು ನಾನೂ ಹತ್ತಿದೆ. ಅಲ್ಲಿಯ ಹಳೇ ಮನೆಯ ಮರದ ಕಂಬಗಳ ಮುಂದೆ ವಾಸಪ್ಪನವರು ಮಂಡಿಯೂರಿ ಕೂತದ್ದು, ಕಾಲೇಜು ಹುಡುಗಿಯರು ಅಜ್ಜಾ ನಮ್ಮದೊಂದು ತೆಗೀರಿ ಅಂತ ಸಾಲುಗಟ್ಟಿದ್ದು ಇವತ್ತೂ ನನ್ನ ಕಣ್ಣ ಮುಂದಿದೆ. ಹಾಲಮ್ಮನಿಗೆ ಸ್ಟ್ರೋಕ್ ಆದ ಮೇಲೆ ವಾಸಪ್ಪನವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ದಿನ. ವಾಪಸು ಬರುವಾಗ, ಫೋಟೋವನ್ನು ಎಷ್ಟು ದೊಡ್ಡದು ಮಾಡಿಸಬಹುದು, ಹಾಲಮ್ಮನ ಮಂಚದ ಎದುರಿನ ಗೋಡೆಗೆ ಎಷ್ಟು ಎತ್ತರದಲ್ಲಿ ಹಾಕಿದರೆ ಮಲಗಿದಲ್ಲಿಂದ ಕಾಣುತ್ತದೆ ಅಂತ ದಾರಿಯುದ್ದಕ್ಕೂ ಕೇಳುತ್ತಿದ್ದರು.

ಸಾಗರ ಮುಟ್ಟುವಾಗ ಸಂಜೆಯಾಗಿತ್ತು. ಅವರ ಊರಿನ ಬಸ್ ಹೋಗಿತ್ತು. ನನ್ನ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಜಗಲಿಯ ಮೇಲೆ ಬುಟ್ಟಿ ಬೋರಲು ಮಲಗಿತ್ತು. ಹಸಿ ಕೆಮ್ಮಣ್ಣಿನಲ್ಲಿ ಕೆಂಪಗೆ ಹೊಳೆಯುತ್ತಿತ್ತು.

ಸೊಸೆ ಸೌಜನ್ಯ ಅಂಗಳದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು, ಅವಳಿಗೆ ಸಿಗುವುದು ಭಾನುವಾರ ಮಾತ್ರ. ಹಬ್ಬ ಹತ್ತಿರ ಬಂದ ಮೇಲೆ ಮಣ್ಣು ಹಚ್ಚಿದರೆ ಬರೆದು ಕಲಿಯಲು ತನಗೆ ದಿನವೇ ಉಳಿಯುವುದಿಲ್ಲ, ಅತ್ತೆಗೆ ಕೂರಲು ಆಗುತ್ತಿರುವಾಗಲೇ ಕೇಳಿ ಕಲಿತುಕೊಳ್ಳಬೇಕು ಅಂತ ಮೂರು ವಾರ ಮುಂಚೆಯೇ ಬುಟ್ಟಿ ಇಳಿಸಿದ್ದಳು. ಮಣ್ಣಿಗೆ ನೀರು ಎಷ್ಟು ಅಂತ ಹಾಲಮ್ಮ ಎಡಗೈ ಬೆರಳಿನಲ್ಲಿ ತೋರಿಸಿಕೊಟ್ಟರಂತೆ.

"ಮಾವ, ಬಂದ್ರಾ. ನೋಡಿ, ಅತ್ತೆ ಹೇಳ್ದಂಗೇ ಹಚ್ಚಿದೀನಿ."

ವಾಸಪ್ಪನವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದರು. ಒಂದು ಬೆರಳಿನಿಂದ ಬುಟ್ಟಿಯನ್ನು ಮುಟ್ಟಿದರು. ಬೆರಳಿಗೆ ಮಣ್ಣು ಬಂತು.

"ಮಣ್ಣಿನ ಅಡೀಲಿ ಅದು ಹಾಗೇ ಇದ್ಯಾ?"

"ಯಾವ್ದು ಮಾವ?"

"ಹೋದ್ವರ್ಷದ್ದು."

"ಒದ್ದೆ ಬಟ್ಟೇಲಿ ಒರೆಸಿ ತೆಗ್ದು ಆಮೇಲಲ್ವಾ ಸಗಣಿ ಬಳಿಯೋದು? ಅತ್ತೆ ಯಾವಾಗ್ಲೂ ಹಂಗೇ ಮಾಡೋದು." ಸೌಜನ್ಯ ಒಮ್ಮೆ ಮಾವನ ಮುಖ ನೋಡಿದಳು, ಒಮ್ಮೆ ನನ್ನ ಮುಖ. "ಯಾಕೆ ಮಾವ, ತಪ್ಪಾಯ್ತಾ?"

"ಇಲ್ಲಮ್ಮ. ಚೆಂದ ಹಚ್ಚಿದೀಯ" ಅಂದರು ವಾಸಪ್ಪನವರು.

ಮರುದಿನ ನಾನು ಬಾಗಿಲು ತೆಗೆಯುವ ಮೊದಲೇ ಅವರು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಅಳಿಸಿದ ಆ ಏಳು ಫೋಟೋ ವಾಪಸು ಬರುತ್ತವಾ ಅಂತ ಫೋನ್ ಮುಂದೆ ಹಿಡಿದರು. ಮಸುಕಾಗಿದ್ದರೂ ಅಡ್ಡಿಯಿಲ್ಲ ಅಂದರು. ಕೇಬಲ್ ಹಾಕಿ ಗೊತ್ತಿದ್ದ ದಾರಿಯನ್ನೆಲ್ಲ ಹುಡುಕಿದೆ, ಗೊತ್ತಿಲ್ಲದ್ದನ್ನೂ ಹುಡುಕಿದೆ. ಯಾರೋ ಕಳಿಸಿದ ಶುಭೋದಯದ ಗುಲಾಬಿಗಳು ಸಿಕ್ಕವು. ಸುಟ್ಟುಹೋದ ಟ್ರಾನ್ಸ್‌ಫಾರ್ಮರ್ ಒಂದರ ಚಿತ್ರ ಸಿಕ್ಕಿತು. ಮಧ್ಯಾಹ್ನ ಎರಡರವರೆಗೆ ಅವರು ಸ್ಟೂಲಿನ ಮೇಲೆ ಕೂತೇ ಇದ್ದರು. ಇಲ್ಲ ಅಂತ ಹೇಳಲು ನನಗೆ ಆಗದೆ, ಯಂತ್ರ ಬಿಸಿಯಾಗಿದೆ, ನಾಳೆ ನೋಡೋಣ ಅಂದೆ. ಅವರಿಗೆ ಅರ್ಥವಾಯಿತು. ಮಾರನೇ ದಿನ ಬರಲಿಲ್ಲ. ತರಗತಿಗೂ ಹೋಗಲಿಲ್ಲ.

ನವರಾತ್ರಿ ಕಳೆದ ಭಾನುವಾರ, ನಿಮ್ಮ ಕ್ಯಾಮೆರಾ ವಾಪಸು ತೆಗೆದುಕೊಂಡು ಹೋಗಿ ಅಂತ ವಾಸಪ್ಪನವರ ಫೋನ್ ಬಂತು. ಹನ್ನೊಂದು ಗಂಟೆಗೆ ಹೋದೆ. ನಡುಮನೆಯ ಮಂಚದ ಮೇಲೆ ಹಾಲಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ವಾಸಪ್ಪನವರು ನೆಲದ ಮೇಲೆ ಕೂತು, ಹಬ್ಬಕ್ಕೆಂದು ಮತ್ತೆ ಕೆಮ್ಮಣ್ಣು ಹಚ್ಚಿದ್ದ ಬುಟ್ಟಿಯನ್ನು ಎರಡು ಮಂಡಿಯ ನಡುವೆ ಅವುಚಿಕೊಂಡಿದ್ದರು. ಹಾಲಮ್ಮನ ಎಡಗೈಯಲ್ಲಿ ಪುಂಡಿ ಕಡ್ಡಿ. ಪಕ್ಕದಲ್ಲಿ ಸೌಜನ್ಯ ಬಿಳಿಯ ಬಟ್ಟಲು ಹಿಡಿದು ನಿಂತಿದ್ದಳು. ನಾನು ಹೊಸ್ತಿಲಲ್ಲೇ ನಿಂತೆ. ಬರೆಯಲು ಹಾಲಮ್ಮನನ್ನು ಕೇಳಿಕೊಂಡದ್ದು ವಾಸಪ್ಪನವರೇ ಅಂತೆ. ಕಾರಣವನ್ನು ಆಗಲೂ ಹೇಳಿರಲಿಲ್ಲ.

ಹಾಲಮ್ಮ ಒಂದು ಗೆರೆ ಎಳೆದರು. ಅದು ನೇರ ಬಂತು. ಎರಡನೆಯದು ನಡುವೆ ಮುಗ್ಗರಿಸಿತು. ಮೂರನೆಯದು ಶುರುವಾದಲ್ಲೇ ಜಾರಿ ಬುಟ್ಟಿಯ ಅಂಚಿನವರೆಗೂ ಇಳಿಯಿತು. ಅವರು ಕಡ್ಡಿ ಎತ್ತದೆ ಅದನ್ನೇ ನೋಡುತ್ತಿದ್ದರು.

ಗೂಟದಲ್ಲಿ ತೂಗುತ್ತಿದ್ದ ಕ್ಯಾಮೆರಾವನ್ನು ಇಳಿಸಿ ವಾಸಪ್ಪನವರ ಕಡೆ ಚಾಚಿದೆ. ಬುಟ್ಟಿಯನ್ನು ನಾನು ಹಿಡಿದುಕೊಳ್ಳುತ್ತೇನೆ, ಈಗಲೇ ಒಂದು ತೆಗೆಯಿರಿ ಅಂತ ಮೆಲ್ಲಗೆ ಹೇಳಿದೆ. ಅವರು ಕ್ಯಾಮೆರಾ ನೋಡಿದರು, ಹೆಂಡತಿಯ ಕೈ ನೋಡಿದರು.

"ಬೆಳಕು ಸರಿಯಿಲ್ಲ ಮಾರಾಯ್ರೆ" ಅಂದರು.

ಮಾಡಿನ ಗಾಜಿನ ಹೆಂಚಿನಿಂದ ಬಿಸಿಲು ನೇರ ಬುಟ್ಟಿಯ ಮೇಲೆ ಬಿದ್ದಿತ್ತು. ಕೆಮ್ಮಣ್ಣಿನಲ್ಲಿ ಸೌಜನ್ಯಳ ಬೆರಳಿನ ಗುರುತು ಕೂಡ ಎಣಿಸುವ ಹಾಗೆ ಕಾಣುತ್ತಿತ್ತು. ನಾನು ಕ್ಯಾಮೆರಾವನ್ನು ನನ್ನ ಹೆಗಲಿಗೆ ಹಾಕಿಕೊಂಡೆ. ಹಾಲಮ್ಮ ಕಡ್ಡಿಯನ್ನು ಬಟ್ಟಲಿಗೆ ಹಾಕಿ, ಅರ್ಧ ಮಾತಿನಲ್ಲಿ ಸೊಸೆಯ ಹತ್ತಿರ ಒದ್ದೆ ಬಟ್ಟೆ ಕೇಳಿ ತೆಗೆದುಕೊಂಡು, ಮೊದಲು ಮೂರನೇ ಗೆರೆ, ಆಮೇಲೆ ಎರಡನೆಯದು, ಕೊನೆಗೆ ನೇರ ಬಂದ ಮೊದಲನೆಯದನ್ನೂ ಒರೆಸಿದರು. ಒರೆಸುವಾಗ ಬುಟ್ಟಿ ಅಲುಗಾಡದ ಹಾಗೆ ವಾಸಪ್ಪನವರು ಅದನ್ನು ಇನ್ನಷ್ಟು ಗಟ್ಟಿಯಾಗಿ ಅವುಚಿ ಹಿಡಿದುಕೊಂಡರು.